ತುಂಬಿದ್ದು ಎಡಕ್ಕೆ, ಖಾಲಿ ಬಲಕ್ಕೆ

ಊರಿಗೆಲ್ಲ ಗಾಳಿ ಹಂಚುವವನ ಸೈಕಲ್ಲಿನಿಂದಲೇ ಗಾಳಿ ಹೋದದ್ದು ಬೆಳಿಗ್ಗೆ ಹತ್ತು ಗಂಟೆಗೆ, ತರಕಾರಿ ಮಾರುಕಟ್ಟೆಯ ಹಿಂದಿನ ತಿರುವಿನಲ್ಲಿ. ಹಿಂದಿನ ಟೈರು ಬೈಗುಳದಂಥ ಒಂದು ಸದ್ದು ಮಾಡಿ ಮಲಗಿಬಿಟ್ಟಿತು. ಗಾಳಿಯಣ್ಣ ಕೆಳಗಿಳಿದು ಒಮ್ಮೆ ಟೈರನ್ನು, ಒಮ್ಮೆ ಆಕಾಶವನ್ನು ನೋಡಿ, ಎಡಬದಿಯ ಕಬ್ಬಿಣದ ತೊಟ್ಟಿಲಲ್ಲಿ ಆರಾಮಾಗಿ ಮಲಗಿದ್ದ ಸಿಲಿಂಡರಿಗೆ ಹೇಳಿದ:

"ನಿನ್ನೊಳಗೆ ಅಷ್ಟೊಂದಿದೆ. ಒಂಚೂರು ಇದಕ್ಕೆ ಕೊಟ್ರೆ ಗಂಟೇನು ಹೋಗ್ತಿತ್ತು?"

ಅವನದು ಆಕ್ಸಿಜನ್ ಹೊರುವ ಕೆಲಸ. ಶ್ವಾಸಕೋಶ ಕೈಕೊಟ್ಟು, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಮನೆಯಲ್ಲೇ ದಿನ ದೂಡುವವರಿಗೆ ದಿನಕ್ಕೆರಡು ಸಿಲಿಂಡರ್ ಬೇಕು. ಗೋಡೌನಿನಲ್ಲಿ ವ್ಯಾನ್ ಇಲ್ಲವೆಂದಲ್ಲ. ಹಳೇ ಪೇಟೆಯ ಗಲ್ಲಿಗಳಿಗೆ ಅದನ್ನು ನುಗ್ಗಿಸಿದರೆ ಮೊದಲು ಅದಕ್ಕೇ ಉಸಿರು ಕಟ್ಟುತ್ತಿತ್ತು. ಆದ್ದರಿಂದ ಎರಡು ಸೈಕಲ್ಲು, ಎರಡು ಆಳು. ಒಬ್ಬ ಗಾಳಿಯಣ್ಣ, ಇನ್ನೊಬ್ಬ ಅವನ ಹೆಂಡತಿಯ ತಮ್ಮ ಎಡಚ. ಎರಡೂ ಸೈಕಲ್ಲಿನ ಹಿಂದಿನ ಚಕ್ರದ ಅಕ್ಕಪಕ್ಕ ಕಬ್ಬಿಣದ ತೊಟ್ಟಿಲು. ಒಂದರಲ್ಲಿ ಹೋಗುವ ಸಿಲಿಂಡರ್, ಇನ್ನೊಂದರಲ್ಲಿ ಬರುವ ಸಿಲಿಂಡರ್.

ತುಂಬಿದ್ದು ಎಡಕ್ಕೆ, ಖಾಲಿ ಬಲಕ್ಕೆ. ಹದಿನಾಲ್ಕು ವರ್ಷದಿಂದ ಗಾಳಿಯಣ್ಣನ ಕಾನೂನು ಇದು. ಸೈಕಲ್ಲಿನಿಂದ ಎಡಕ್ಕೆ ಇಳಿಯುವ ಮನುಷ್ಯನ ಕೈಗೆ ಮೊದಲು ಸಿಗಬೇಕಾದದ್ದು ಕೊಡಬೇಕಾದ ಮಾಲು ತಾನೆ? ಎಡಚ ಹೆಸರಿಗೆ ತಕ್ಕಂತೆ ಎಡಗೈಯವನು, ಬಲಕ್ಕೆ ಇಳಿಯುವವನು. ಅವನ ಕಾನೂನು ಕನ್ನಡಿಯೊಳಗಿನ ಕಾನೂನು: ತುಂಬಿದ್ದು ಬಲಕ್ಕೆ, ಖಾಲಿ ಎಡಕ್ಕೆ. ಇದು ಇಬ್ಬರಿಗೂ ಗೊತ್ತಿತ್ತು, ಇದರ ಮೇಲೆ ಜೋಕೂ ಇತ್ತು. ಒಬ್ಬರ ಸೈಕಲ್ಲು ಇನ್ನೊಬ್ಬರು ಮುಟ್ಟುವ ಪ್ರಸಂಗವೇ ಬರದಿದ್ದರಿಂದ ಜೋಕು ಜೋಕಾಗಿಯೇ ಉಳಿದಿತ್ತು.

ನಿಜವಾಗಿ ನೋಡಿದರೆ ಎಡಬಲದ ಗೊಡವೆಯೇ ಬೇಕಾಗಿರಲಿಲ್ಲ. ತುಂಬಿದ ಸಿಲಿಂಡರಿನ ಮೂತಿಗೆ ಕೆಂಪು ಪ್ಲಾಸ್ಟಿಕ್ ಸೀಲು ಇರಬೇಕು. ಅದು ಮುಗಿದು ಎರಡು ತಿಂಗಳಾಗಿತ್ತು. ಕೇಳಿದರೆ ಮಾಲೀಕರು ಕನ್ನಡಕವನ್ನು ಹಣೆಗೇರಿಸಿ, "ನೋಡಪ್ಪಾ, ವಿಷಯ ಏನಪ್ಪಾ ಅಂದ್ರೆ, ಸೀಲು ಬರುತ್ತೆ. ಬರೋ ಟೈಮಿಗೆ ಬರುತ್ತೆ," ಎನ್ನುತ್ತಿದ್ದರು. ಉಳಿದದ್ದು ಕಿವಿ. ಸ್ಪ್ಯಾನರಿನಿಂದ ಒಂದು ಏಟು ಬಡಿದರೆ ಖಾಲಿ ಸಿಲಿಂಡರ್ ಶಾಲೆಯ ಗಂಟೆಯ ಹಾಗೆ ಠಣ್ಣೆಂದು ದನಿ ಎಳೆಯುತ್ತದೆ. ತುಂಬಿದ್ದು ಊಟ ಮಾಡಿ ಮಲಗಿದವನ ಬೆನ್ನಿಗೆ ಗುದ್ದಿದಂತೆ ದಬ್ ಎಂದು ಸುಮ್ಮನಾಗುತ್ತದೆ. ತೂಕದಲ್ಲಿ ಹೆಚ್ಚು ಕಡಿಮೆ ಗೊತ್ತಾಗುವುದಿಲ್ಲ. ಹೊರುವುದೆಲ್ಲ ಕಬ್ಬಿಣವನ್ನೇ.

ತಿರುವಿನಲ್ಲೇ ಇದ್ದ ಸೈಕಲ್ ರಿಪೇರಿಯವನು ಟೈರನ್ನು ಕೈಯಲ್ಲಿ ಹಿಡಿದು, "ಇದು ಟೈರಲ್ಲಣ್ಣ, ನಮ್ಮಜ್ಜಿ ಚರ್ಮ," ಎಂದ. "ಪಂಚರ್ ಹಾಕಿದ್ರೆ ಪಂಚರ್ರೇ ಉಳಿಯುತ್ತೆ, ಟೈರ್ ಉಳಿಯಲ್ಲ. ಹೊಸದು ತರಿಸ್ಬೇಕು. ಒಂದು ಗಂಟೆ."

"ಒಂದು ಗಂಟೆ! ಹನ್ನೊಂದಕ್ಕೆ ಟೈಂಕೀಪರ್ ಅಜ್ಜನ ಮನೇಲಿರ್ಬೇಕು ಮಾರಾಯ."

ಅಷ್ಟರಲ್ಲಿ ಎದುರಿನಿಂದ ಎಡಚ ಬಂದ. ಬೆಳಗಿನ ಮೊದಲ ಮನೆ ಮುಗಿಸಿ, ಅಲ್ಲಿಯ ಖಾಲಿ ಸಿಲಿಂಡರನ್ನು ತನ್ನ ಎಡ ತೊಟ್ಟಿಲಲ್ಲಿ ಮಲಗಿಸಿಕೊಂಡು ಗೋಡೌನಿಗೆ ಹೊರಟಿದ್ದ.

"ಏನ್ ಭಾವಾ, ಎಲ್ರಿಗೂ ಗಾಳಿ ಕೊಟ್ಟು ಕೊಟ್ಟು ಕೊನೆಗೆ ನಿಂದೇ ತೀರ್ತಾ?"

"ನಗ್ಬೇಡ್ವೋ. ಆ ಅಜ್ಜ ನಿಮಿಷ ಲೆಕ್ಕ ಹಾಕ್ತಾ ಮಲಗಿರ್ತಾನೆ."

"ನನ್ ಗಾಡಿ ತಗೊಂಡ್ ಹೋಗು. ನಾನಿಲ್ಲೇ ಕೂತು ನಿನ್ ಗಾಡೀಗೆ ಟೈರ್ ಹಾಕಿಸ್ತೀನಿ. ಬರ್ತಾ ಬದಲಾಯಿಸ್ಕೊಂಡ್ರಾಯ್ತು."

ಒಳ್ಳೆಯ ಮಾತೇ. ರಿಪೇರಿಯವನು, "ನಿಮ್ ಮಾಲೀಕ್ರು ಹೊಸ ಟೈರ್ ಅಂದ್ರೆ ಏನಂತಾರೋ," ಎಂದು ಕೆಣಕಿದ. ಕೆಣಕಿದರೆ ಬಿಡುವ ಪೈಕಿಯೇ ಗಾಳಿಯಣ್ಣ? ಇಲ್ಲದ ಕನ್ನಡಕವನ್ನು ಹಣೆಗೇರಿಸಿದ, ಹೊಟ್ಟೆ ಮುಂದೆ ಮಾಡಿದ, ದನಿಯನ್ನು ಮೂಗಿಗೆ ತಂದುಕೊಂಡ. "ನೋಡಪ್ಪಾ, ವಿಷಯ ಏನಪ್ಪಾ ಅಂದ್ರೆ, ಚಕ್ರ ಎರಡಿದೆ. ಒಂದಕ್ಕೆ ಟೈರಿದೆ. ಅರ್ಧ ಕೆಲ್ಸ ಆಗಿದೆ. ಇನ್ನರ್ಧ ನೀನು ತುಳಿಯಪ್ಪಾ!" ರಿಪೇರಿಯವನು ಹೊಟ್ಟೆ ಹಿಡಿದುಕೊಂಡ. ಪಕ್ಕದ ಈರುಳ್ಳಿ ಅಂಗಡಿಯವಳೂ ತಕ್ಕಡಿ ಕೆಳಗಿಟ್ಟು ನಕ್ಕಳು. ಆ ನಗುವಿನ ನಡುವೆ ಎಡಚ ಭಾವನ ಸೈಕಲ್ಲಿನಿಂದ ತುಂಬಿದ ಸಿಲಿಂಡರನ್ನು ಎತ್ತಿ, ತನ್ನ ಕೈಗೆ ರೂಢಿಯಿದ್ದ ಹಾಗೆ, ಬಲ ತೊಟ್ಟಿಲಲ್ಲಿ ಇಟ್ಟು ಬೆಲ್ಟು ಬಿಗಿದ. ಗಾಳಿಯಣ್ಣ ಆಗ ಮಾಲೀಕರ ನಡಿಗೆ ನಡೆದು ತೋರಿಸುತ್ತಿದ್ದ.

ಟೈಂಕೀಪರ್ ಅಜ್ಜನ ಮನೆ ಮೂರನೇ ಮಹಡಿ. ನಲವತ್ತು ವರ್ಷ ಬಸ್ ಡಿಪೋದಲ್ಲಿ ಕೂತು ಬಸ್ಸುಗಳು ಎಷ್ಟು ನಿಮಿಷ ತಡವೆಂದು ಬರೆದ ಜೀವ ಅದು. ಈಗ ಬರೆಯಲು ಬಸ್ಸಿಲ್ಲದ್ದರಿಂದ ಗಾಳಿಯಣ್ಣನನ್ನು ಹಿಡಿದುಕೊಂಡಿತ್ತು. ಬಾಗಿಲು ತೆರೆದರೆ ಸಾಕು, ಎರಡೆರಡು ಉಸಿರಿಗೆ ಒಂದೊಂದು ಪದದಂತೆ, "ನಾಲ್ಕು... ನಿಮಿಷ... ಲೇಟು," ಎನ್ನುತ್ತಿದ್ದ. ಗಾಳಿಯಣ್ಣ ಕೈಯನ್ನು ಬಾಯಿಗೆ ಧ್ವನಿವರ್ಧಕ ಮಾಡಿಕೊಂಡು, "ಪ್ರಯಾಣಿಕರ ಗಮನಕ್ಕೆ, ಗೋಡೌನಿನಿಂದ ಬರಬೇಕಾದ ಗಾಳಿ ಈಗ ಬಂದಿದೆ," ಎಂದು ಕೂಗುತ್ತಿದ್ದ. ಅಜ್ಜನ ಎದೆಯಲ್ಲಿ ನಗು ಕೆಮ್ಮಾಗಿ, ಕೆಮ್ಮು ನಗುವಾಗಿ, ಸೊಸೆ ಓಡಿಬಂದು ಇಬ್ಬರಿಗೂ ಬೈಯುವಲ್ಲಿಗೆ ಆ ನಾಟಕ ಮುಗಿಯುತ್ತಿತ್ತು.

ಆ ದಿನ ಬೀದಿಯಲ್ಲಿ ಸೈಕಲ್ ನಿಲ್ಲಿಸಿ, ಎಡಕ್ಕೆ ಇಳಿದು, ಎಡ ತೊಟ್ಟಿಲಿನ ಬೆಲ್ಟು ಬಿಚ್ಚಿ, ಅದರಲ್ಲಿದ್ದದ್ದನ್ನು ಹೆಗಲಿಗೇರಿಸಿ ಅವನು ಮೆಟ್ಟಿಲು ಹತ್ತಿದ. ಬಾಗಿಲು ತೆರೆದ ಸೊಸೆ ತುಟಿಯ ಮೇಲೆ ಬೆರಳಿಟ್ಟಳು. ಕಣ್ಣು ಕೆಂಪಗಿತ್ತು. ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದ ಕಾಲರುಗಳ ರಾಶಿ ಹಾಗೇ ಬಿದ್ದಿತ್ತು.

"ರಾತ್ರಿಯೆಲ್ಲ ಕೂತೇ ಇದ್ರು ಅಣ್ಣ," ಎಂದು ಪಿಸುಗುಟ್ಟಿದಳು. "ಈಗಷ್ಟೇ ಕಣ್ಣು ಹತ್ತಿದೆ. ಸದ್ದು ಮಾಡ್ಬೇಡಿ, ನಿಮ್ ಕಾಲಿಗೆ ಬೀಳ್ತೀನಿ."

ಅವನು ಬೆಕ್ಕಿನ ಹೆಜ್ಜೆ ಹಾಕಿದ. ಹೊಸ ಸಿಲಿಂಡರನ್ನು ಮೂಲೆಯಲ್ಲಿ ಮಗುವನ್ನಿಡುವಂತೆ ಇಟ್ಟ. ರೂಢಿಯಂತೆ ಜೇಬಿನಿಂದ ಸ್ಪ್ಯಾನರ್ ಅರ್ಧ ಹೊರಬಂತು. ಮಲಗಿದವನ ತೆರೆದ ಬಾಯಿ ಕಂಡಿತು, ಸೊಸೆಯ ಬೆರಳು ಕಂಡಿತು. ಸ್ಪ್ಯಾನರ್ ವಾಪಸು ಜೇಬಿಗೆ ಹೋಯಿತು.

ಓಡುತ್ತಿದ್ದ ಸಿಲಿಂಡರಿನ ಮೀಟರ್ ಮುಳ್ಳು ಕಾಲು ಭಾಗದಲ್ಲಿತ್ತು. ಅವನು ಎರಡು ಬೆರಳು ತೋರಿಸಿದ: ಎರಡು ಗಂಟೆಯವರೆಗೆ ಬರುತ್ತದೆ. ಅವಳು ತಲೆಯಾಡಿಸಿದಳು. ಆಮೇಲೆ ಹೊಸದಕ್ಕೆ ಹಾಕಿಕೊಳ್ಳುವುದು ಅವಳಿಗೆ ಬರುತ್ತಿತ್ತು. ಅವನೇ ಕಲಿಸಿದ್ದ, ಐದು ಸಲ ತಾನೇ ಹಾಕಿ ಸೈ ಎನ್ನಿಸಿಕೊಂಡಿದ್ದಳು. ಹಿಂದಿನ ದಿನದ ಖಾಲಿಯನ್ನು ಹೆಗಲಿಗೇರಿಸಿ ಅವನು ಕೆಳಗಿಳಿದ.

ತಿರುವಿನಲ್ಲಿ ಸೈಕಲ್ಲು ಬದಲಾಯಿತು. ಹೊಸ ಟೈರನ್ನು ಎಡಚ ಒದ್ದು ತೋರಿಸಿದ. ಗೋಡೌನಿಗೆ ಹೋಗಬೇಕಾದ ಎರಡು ಸಿಲಿಂಡರುಗಳೂ ಗಾಳಿಯಣ್ಣನ ಸೈಕಲ್ಲಿಗೆ ಬಂದವು. ಎರಡೂ ಖಾಲಿ ಎಂದ ಮೇಲೆ ಯಾವುದು ಯಾವ ಕಡೆಯಾದರೇನು?

ಗೋಡೌನಿಗೆ ಬಂದಾಗ ಹನ್ನೆರಡೂವರೆ. ವಾಪಸು ಬಂದ ಸಿಲಿಂಡರುಗಳನ್ನು ಬಡಿದು ನೋಡಿ ಸಾಲಿಗೆ ನಿಲ್ಲಿಸುವುದು ಅಲ್ಲಿಯ ನಿಯಮ. ಗಾಳಿಯಣ್ಣ ಮೊದಲನೆಯದಕ್ಕೆ ಬಡಿದ. ಠಣ್ಣ್. ಎರಡನೆಯದಕ್ಕೆ ಬಡಿದ.

ದಬ್.

ಇನ್ನೊಮ್ಮೆ ಬಡಿದ. ದಬ್. ಕಿವಿ ಹತ್ತಿರ ತಂದು ಮೂರನೇ ಸಲ ಬಡಿದ. ಅಷ್ಟರಲ್ಲಿ ಮಾರುಕಟ್ಟೆಯ ತಿರುವು, ಎಡಚನ ಎಡಗೈ, ತನ್ನ ಕೋಡಂಗಿಯಾಟ, ಎಲ್ಲವೂ ಒಂದರ ಹಿಂದೊಂದು ಕಣ್ಣ ಮುಂದೆ ಬಂದು ನಿಂತವು. ಅಜ್ಜನ ಮನೆಯ ಮೂಲೆಯಲ್ಲಿ ನಿಂತಿರುವುದು ಬರೀ ಕಬ್ಬಿಣ.

"ಏನಪ್ಪಾ, ಬಾಗಿಲು ಬಡಿದ ಹಾಗೆ ಬಡೀತಾ ಇದ್ದೀಯ? ಒಳಗೆ ಯಾರಾದ್ರೂ ಇದ್ದಾರಾ?" ಎಂದು ಮಾಲೀಕರು ಮೇಜಿನ ಹಿಂದಿನಿಂದ ಕೇಳಿದರು. ರೆಗ್ಯುಲೇಟರ್ ಕೆಳಗೆ ಬೀಳಿಸಿದ್ದಕ್ಕೆ ಹೋದ ತಿಂಗಳು ವ್ಯಾನಿನವನನ್ನು ನಿಂತ ನಿಲುವಿನಲ್ಲೇ ಮನೆಗೆ ಕಳಿಸಿದ್ದರು. ಎಡಚನನ್ನು ಕೆಲಸಕ್ಕೆ ಸೇರಿಸಿದ್ದು ಗಾಳಿಯಣ್ಣನೇ. ಹೋದರೆ ಇಬ್ಬರೂ ಹೋಗಬೇಕು. ಒಂದೇ ಮನೆಯ ಎರಡು ಒಲೆ ಆರಬೇಕು.

"ಏನಿಲ್ಲ ಸಾರ್," ಎಂದ ಅವನು.

ಫೋನ್ ತೆಗೆದು ಗೋಡೆಯ ಕಡೆ ತಿರುಗಿದ. ಮಾಲೀಕರು ಹತ್ತು ಹೆಜ್ಜೆಯಾಚೆ ಹಲ್ಲಿನ ಸಂದಿಯಲ್ಲಿ ಕಡ್ಡಿಯಾಡಿಸುತ್ತಿದ್ದರು. ಆ ಕಡೆ ಸೊಸೆ ಎತ್ತಿಕೊಂಡಳು.

"ಅಮ್ಮಾ, ನಾನು, ಗಾಳಿಯಣ್ಣ. ಹೇಗಿದಾರೆ?"

"ಎದ್ದಿದಾರೆ ಅಣ್ಣ. ಎರಡು ಚಮಚ ತಿನ್ನಿಸ್ತಾ ಇದ್ದೆ. ನೀವು ಸದ್ದಿಲ್ದೆ ಹೋದ್ರಿ ಅಂತ ಕೋಪ ಅವ್ರಿಗೆ."

ಹೇಳಿಬಿಡಬೇಕಾದ ಮಾತು ಮೂರೇ ಮೂರು ಪದದ್ದು. ಆ ಸಿಲಿಂಡರ್ ಖಾಲಿ. ನಾಲಿಗೆಯವರೆಗೆ ಬಂದದ್ದು ಅಲ್ಲೇ ಕೂತುಬಿಟ್ಟಿತು.

"ಅದೇ... ಹೊಸ ಸಿಲಿಂಡರ್ ನೀವು ಹಾಕಕ್ಕೆ ಹೋಗ್ಬೇಡಿ ಅಮ್ಮಾ. ವಾಷರ್ ಸ್ವಲ್ಪ ಬಿಗಿ. ನಾನೇ ಬಂದು ಹಾಕ್ತೀನಿ. ಈಗಲೇ ಹೊರಟೆ."

"ಅಯ್ಯೋ, ಮತ್ತೆ ಅಷ್ಟು ದೂರ ತುಳ್ಕೊಂಡ್ ಬರ್ತೀರಾ? ಎಷ್ಟ್ ಒಳ್ಳೇವ್ರಣ್ಣ ನೀವು. ಆಯ್ತು, ನಾನು ಮುಟ್ಟಲ್ಲ."

ಅವನು ಲೆಕ್ಕ ಹಾಕಿದ. ಐವತ್ತು ನಿಮಿಷದ ದಾರಿ. ಒಂದೂವರೆಗೆ ಮೊದಲೇ ಅಲ್ಲಿರುತ್ತೇನೆ. ಎರಡರವರೆಗೆ ಗಾಳಿಯಿದೆ. ಅರ್ಧ ಗಂಟೆ ಕೈಯಲ್ಲಿರುತ್ತದೆ. ತಾನೇ ಬದಲಾಯಿಸಿ, ಖಾಲಿಯನ್ನು ಹೊತ್ತು ತಂದರೆ ಸುದ್ದಿ ಗಾಳಿಗೂ ತಿಳಿಯುವುದಿಲ್ಲ.

"ಎಲ್ಲಿಗಪ್ಪಾ?" ಎಂದರು ಮಾಲೀಕರು.

"ಇನ್ನೊಂದು ಮನೆ ಇದೆ ಸಾರ್," ಎಂದು ಆ ತುಂಬಿದ ಸಿಲಿಂಡರನ್ನೇ ಎಡ ತೊಟ್ಟಿಲಿಗೆ ಬಿಗಿದು ಹೊರಟ.

ಅವತ್ತಿನ ಹಾಗೆ ಅವನು ಎಂದೂ ತುಳಿದಿರಲಿಲ್ಲ. ಮೇಲ್ಸೇತುವೆಯ ಕೆಳಗೆ ಕಾರುಗಳು ಒಂದರ ಬಾಲ ಒಂದು ಕಚ್ಚಿಕೊಂಡು ನಿಂತಿದ್ದವು. ಅವುಗಳ ಸಂದಿಯಲ್ಲಿ ನುಸುಳುವುದು ಸೈಕಲ್ಲುಗಳು ಮಾತ್ರ. ಏಣಿಯನ್ನು ಹೆಗಲಿಗೆ ಅಡ್ಡ ಹಾಕಿಕೊಂಡ ಬಣ್ಣದವನು, ಎರಡೂ ಬದಿಗೆ ಹಾಲಿನ ಕ್ಯಾನು ನೇತುಹಾಕಿಕೊಂಡವನು, ಹ್ಯಾಂಡಲ್ಲಿನ ಮೇಲೆ ಮಗಳನ್ನೂ ಕ್ಯಾರಿಯರಿನ ಮೇಲೆ ಒಗೆದ ಬಟ್ಟೆಯ ಗಂಟನ್ನೂ ಇಟ್ಟುಕೊಂಡ ಹೆಂಗಸು, ಸೈಕಲ್ಲನ್ನೇ ಸಾಣೆಯಂತ್ರ ಮಾಡಿಕೊಂಡು ಬೀದಿಯಂಚಿನಲ್ಲಿ ಕೂತು ಕಿಡಿ ಹಾರಿಸುತ್ತಿದ್ದ ಚಾಕುವಿನವನು. ದಿನವೂ ಇವರೆಲ್ಲರಿಗೂ ಒಂದೊಂದು ಕೀಟಲೆ ಬಿಸಾಕಿ ಹೋಗುತ್ತಿದ್ದವನು ಇಂದು, "ದಾರಿ! ದಾರಿ!" ಎನ್ನುತ್ತಲೇ ನುಗ್ಗಿದ. "ಏನ್ ಗಾಳಿಯಣ್ಣ, ಬಿರುಗಾಳಿ ಆಗೋದೆ?" ಎಂದು ಹಾಲಿನವನು ಕೂಗಿದ್ದು ಬೆನ್ನ ಹಿಂದೆ ಉಳಿಯಿತು.

ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಮಾಲೀಕರು, ಎಂದುಕೊಂಡ. ನಿಂತು ತೆಗೆದರೆ ಒಂದು ನಿಮಿಷ ದಂಡ. ಮತ್ತೊಮ್ಮೆ ಹೊಡೆದುಕೊಂಡಿತು. ಬಾಯಿ ಒಣಗಿ, ತೊಡೆ ಕಲ್ಲಾಗಿ, ಕಣ್ಣಿಗೆ ಬೆವರು ಇಳಿಯುತ್ತಿತ್ತು. ಅವನು ತುಳಿಯುತ್ತಲೇ ಇದ್ದ.

ಅಜ್ಜನ ಬೀದಿಗೆ ತಿರುಗುವ ಮೂಲೆಯಲ್ಲಿ ಒಂದು ನರ್ಸಿಂಗ್ ಹೋಂ ಇದೆ. ಹದಿನಾಲ್ಕು ವರ್ಷ ಅದರ ಮುಂದೆಯೇ ಓಡಾಡಿದ್ದರೂ ಇಂದೇ ಮೊದಲ ಸಲ ಕಂಡಂತೆ ಕಂಡಿತು. ಬಾಗಿಲ ಪಕ್ಕದಲ್ಲಿ ಎತ್ತರದ ಸಿಲಿಂಡರುಗಳು ಸಾಲಾಗಿ ನಿಂತಿದ್ದವು. ಅಲ್ಲಿಂದ ಅಜ್ಜನ ಮನೆಗೆ ನಡೆದರೆ ಎರಡು ನಿಮಿಷ.

ಒಂದು ಗಂಟೆ ಇಪ್ಪತ್ತೈದು ನಿಮಿಷ. ಹೆಗಲ ಮೇಲೆ ಸಿಲಿಂಡರ್ ಹೊತ್ತು ಅವನು ಮೂರು ಮಹಡಿಯನ್ನೂ ಒಂದೇ ಉಸಿರಿಗೆ ಹತ್ತಿದ. ಬಾಗಿಲು ತೆರೆದೇ ಇತ್ತು. ಹೊರಗೆ ಇರಬೇಕಾದ್ದಕ್ಕಿಂತ ಹೆಚ್ಚು ಚಪ್ಪಲಿಗಳಿದ್ದವು.

ಮಂಚದ ಮೇಲೆ ಅಜ್ಜನ ಮೂಗಿನಲ್ಲಿ ನಳಿಕೆ ಹಾಗೇ ಇತ್ತು. ಎದೆ ಏಳುತ್ತಿರಲಿಲ್ಲ. ನರ್ಸಿಂಗ್ ಹೋಮಿನಿಂದ ಬಂದ ಹುಡುಗಿಯೊಬ್ಬಳು ತನ್ನ ಚೀಲದ ಜಿಪ್ಪು ಎಳೆಯುತ್ತಿದ್ದಳು. ಮಾಡಲು ಏನೂ ಉಳಿದಿರಲಿಲ್ಲ. ಪಕ್ಕದ ಬೀದಿಯಲ್ಲಿರುವ ಅಜ್ಜನ ಮಗಳು ಬಂದಾಗಿತ್ತು. ಅವಳ ದನಿ ಮನೆಯನ್ನು ತುಂಬಿತ್ತು.

"ಒಂದು ಸಿಲಿಂಡರ್ ಕೀಲಿ ತಿರುಗಿಸಕ್ಕೆ ಬರಲ್ವೇನೇ ನಿಂಗೆ? ಐದು ಸಲ ಹಾಕಿದೀನಿ, ಆರು ಸಲ ಹಾಕಿದೀನಿ ಅಂತ ಊರಿಗೆಲ್ಲ ಹೇಳ್ಕೊಂಡ್ ಬಂದ್ಯಲ್ಲ! ನಮ್ಮಪ್ಪ ಬಾಯಿ ಬಾಯಿ ಬಿಡ್ತಾ ಇದ್ರೆ ಅದನ್ನ ತಿರುವ್ತಾ ಕೂತಿದ್ಯಾ?"

ಸೊಸೆ ಮೂಲೆಯಲ್ಲಿ ಸಿಲಿಂಡರಿನ ಪಕ್ಕ ನೆಲದ ಮೇಲೆ ಕೂತಿದ್ದಳು. ಕೀಲಿ ಇನ್ನೂ ಕೈಯಲ್ಲೇ ಇತ್ತು. ಅಂಗೈಯ ಚರ್ಮ ಕಿತ್ತು ಬಂದಿತ್ತು. ಅವನನ್ನು ನೋಡಿ ತಲೆಯೆತ್ತಿದಳು.

"ಬಂದ್ರಾ ಅಣ್ಣ. ನೀವು ಫೋನ್ ಇಟ್ಟ ಮೇಲೆ ಅನ್ನ ನೆತ್ತಿಗೇರಿ ಏದುಸಿರು ಶುರುವಾಯ್ತು. ಗಾಳಿ ಎರಡರಲ್ಲಿದ್ದದ್ದನ್ನ ಐದಕ್ಕೆ ಏರಿಸ್ದೆ. ಒಂದೂ ಹತ್ತಕ್ಕೆಲ್ಲ ಮುಗ್ದೇ ಹೋಯ್ತು. ನೀವು ಮುಟ್ಬೇಡಿ ಅಂದಿದ್ರಲ್ಲ, ಕಾದೆ. ಎರಡು ಸಲ ಫೋನ್ ಮಾಡ್ದೆ. ಆಮೇಲೆ ತಡೀಲಾರ್ದೆ ನಾನೇ ಹಾಕ್ದೆ. ಮುಳ್ಳು ಏಳ್ಲೇ ಇಲ್ಲ ಅಣ್ಣ. ಆ ಕಡೆ ತಿರುಗಿಸ್ದೆ, ಈ ಕಡೆ ತಿರುಗಿಸ್ದೆ. ಎಲ್ಲೋ ನಾನೇ ಎಡವಟ್ಟು ಮಾಡ್ದೆ."

"ನೀನಲ್ದೆ ಇನ್ಯಾರು?" ಎಂದಳು ಅಜ್ಜನ ಮಗಳು. ಗಾಳಿಯಣ್ಣನತ್ತ ತಿರುಗಿ ದನಿ ಇಳಿಸಿದಳು. "ನೀನು ಪಾಪ ಓಡೋಡಿ ಬಂದೆ ಅಣ್ಣಯ್ಯ. ನೀನಿದ್ದಿದ್ರೆ ಹೀಗಾಗ್ತಿರ್ಲಿಲ್ಲ. ಆ ಹಾಳು ಸಿಲಿಂಡರ್ ತಗೊಂಡ್ ಹೋಗು, ನನ್ ಕಣ್ಣಿಗೆ ಬೀಳೋದ್ ಬೇಡ."

ದಾರಿ ತಾನಾಗಿ ತೆರೆದಿತ್ತು. ತಂದದ್ದನ್ನು ಕೆಳಗಿಟ್ಟು, ಮೂಲೆಯದನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಅವನು ಹೊರಬಂದ. ಯಾರೂ ಏನೂ ಕೇಳಲಿಲ್ಲ. ಒಂದು ಸುತ್ತು ಮೆಟ್ಟಿಲು ಇಳಿದ. ಮೇಲಿನಿಂದ ಮಾತು ಇಳಿದುಬರುತ್ತಲೇ ಇತ್ತು: ನನ್ ತಮ್ಮ ಬರ್ಲಿ, ಹೇಳ್ತೀನಿ, ಇವಳ ಕೈಯಲ್ಲಿ ಅಪ್ಪನ್ನ ಬಿಟ್ಟು ಹೋದದ್ದಕ್ಕೆ ಅವನು ಜನ್ಮವಿಡೀ ಅಳ್ಬೇಕು. ಸೊಸೆಯ ದನಿ ಮಾತ್ರ ಒಮ್ಮೆಯೂ ಕೇಳಿಸಲಿಲ್ಲ. ಎರಡನೇ ಮಹಡಿಯ ತಿರುವಿನಲ್ಲಿ ಅವನು ನಿಂತ. ಇಳಿಯಲು ಇನ್ನು ಎರಡು ಸುತ್ತು. ಸೈಕಲ್ಲು ಕೆಳಗೆ ಕಾಣುತ್ತಿತ್ತು. ಎಷ್ಟು ಹೊತ್ತು ನಿಂತನೋ, ಮೆಟ್ಟಿಲು ಹತ್ತಿ ಬರುತ್ತಿದ್ದ ನೆರೆಯ ಮುದುಕಿ, "ದಾರಿ ಬಿಡಪ್ಪಾ," ಎಂದಾಗ ಎಚ್ಚರಾಯಿತು. ಅವನು ಅವಳ ಹಿಂದೆಯೇ ಮೇಲಕ್ಕೆ ಹತ್ತಿದ.

ಸಿಲಿಂಡರನ್ನು ಎಲ್ಲಿಂದ ಎತ್ತಿದ್ದನೋ ಅಲ್ಲೇ ಇಟ್ಟ.

"ನೀವು ಸರಿಯಾಗೇ ಹಾಕಿದ್ರಿ ಅಮ್ಮಾ," ಎಂದ. "ಇದು ಖಾಲಿ ಸಿಲಿಂಡರ್. ಬೆಳಿಗ್ಗೆ ನಾನೇ ತಂದಿಟ್ಟೆ."

ಅಜ್ಜನ ಮಗಳ ಬಾಯಿ ಅರ್ಧ ಮಾತಿಗೇ ನಿಂತಿತು. "ಖಾಲೀನ? ಖಾಲೀನ ಹೇಗಯ್ಯಾ ತಂದೆ?"

ಎಡಚನ ಹೆಸರು ನಾಲಿಗೆಯ ತುದಿಗೆ ಬಂತು. ಎಷ್ಟು ಸಲೀಸು! ಅವನು ಬಲಕ್ಕಿಟ್ಟ, ನಾನು ಎಡದ್ದನ್ನೆತ್ತಿದೆ. ಗಾಳಿಯಣ್ಣ ಆ ಹೆಸರನ್ನು ನುಂಗಿದ.

"ಬಡಿದು ನೋಡ್ಲಿಲ್ಲ," ಎಂದ. "ನೋಡ್ಬೇಕಿತ್ತು."

ಸೊಸೆ ಕೀಲಿಯನ್ನು ನೆಲದ ಮೇಲಿಟ್ಟಳು. ಅವನನ್ನೇ ನೋಡಿದಳು. "ಫೋನ್ ಮಾಡಿದ್ರಲ್ಲ. ಆಗ?"

"ಗೊತ್ತಿತ್ತು."

"ಗೊತ್ತಿತ್ತು," ಎಂದು ಅವಳು ಆ ಪದವನ್ನು ಕೈಯಲ್ಲಿ ಹಿಡಿದು ನೋಡುವಂತೆ ಹೇಳಿದಳು. "ಬೀದಿ ಕೊನೇಲೇ ಆಸ್ಪತ್ರೆ ಇತ್ತಲ್ಲ ಅಣ್ಣ. ಒಂದ್ ಮಾತು ಹೇಳಿದ್ರೆ ನಾನು ಬರಿಗಾಲಲ್ಲಿ ಓಡ್ತಿದ್ನಲ್ಲ."

ಅಜ್ಜನ ಮಗಳು ಅವನ ಮೇಲೆ ಬಿದ್ದಳು. ಎದೆಗೆ ಗುದ್ದಿದಳು, ಅಂಗಿ ಹಿಡಿದೆಳೆದಳು, ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಅವನು ಅಲುಗಲಿಲ್ಲ.

"ಬಿಡಿ ಅತ್ತಿಗೆ," ಎಂದಳು ಸೊಸೆ. ಎದ್ದು ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನಿಂದ ಕಾಲರುಗಳನ್ನು ಪಕ್ಕಕ್ಕೆ ಸರಿಸಿದಳು. "ಕೂತ್ಕೊಳ್ಳಿ. ನಮ್ಮವ್ರು ಕೆಲ್ಸದಿಂದ ಹೊರಟಿದಾರೆ. ನಾನು ಹೇಳಿದ್ರೆ ತಪ್ಪಿಸ್ಕೊಳ್ಳಕ್ಕೆ ಹೇಳ್ತಾಳೆ ಅಂತಾರೆ ಎಲ್ರೂ. ನೀವೇ ಹೇಳ್ಬೇಕು. ಹೋಗ್ಕೂಡ್ದು."

ಅವನು ಕೂತ. ನೆರೆಯ ಮುದುಕಿ, "ಏನಾಯ್ತಂತೆ?" ಎಂದಳು. ಸೊಸೆ ಅವನತ್ತ ನೋಡಿದಳು. ಅವನು ಹೇಳಿದ. ಕೆಳಮನೆಯ ಗಂಡಹೆಂಡತಿ ಬಂದರು, ಅವರಿಗೂ ಹೇಳಿದ. ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು, ಈ ಸಲ ನಿಜವಾಗಿ ಮಾಲೀಕರೇ. ಅದನ್ನು ಹೊಡೆದುಕೊಳ್ಳಲು ಬಿಟ್ಟ. ಅಜ್ಜನ ಗೆಳೆಯನೊಬ್ಬ ಕೋಲೂರಿಕೊಂಡು ಬಂದ. ಆ ಮುದುಕನಿಗೆ ಕಿವಿ ಮಂದ. ಅವನಿಗೆ ಕೂಗಿ ಹೇಳಬೇಕಾಯಿತು.

ಎರಡೂವರೆಗೆ ಮೆಟ್ಟಿಲ ಮೇಲೆ ಬೂಟುಗಾಲಿನ ಓಟ ಕೇಳಿಸಿತು. ಅಜ್ಜನ ಮಗ ಕಾವಲುಗಾರನ ಸಮವಸ್ತ್ರದಲ್ಲೇ ಒಳಗೆ ಬಂದ. ಅಪ್ಪನನ್ನು ಬಾಗಿಲಿನಿಂದಲೇ ನೋಡಿದ, ಹತ್ತಿರ ಹೋಗಲು ಧೈರ್ಯ ಸಾಲದೆ ಪಕ್ಕಕ್ಕೆ ತಿರುಗಿದ. ಸ್ಟೂಲಿನ ಮೇಲೆ ಪರಿಚಯದ ಮುಖ ಕಂಡದ್ದೇ ಬಗ್ಗಿ ಅವನ ಎರಡೂ ಕೈ ಹಿಡಿದುಕೊಂಡ.

"ಅಣ್ಣಾ," ಎಂದ, "ಕೊನೇಲಿ ನೀವಾದ್ರೂ ಇದ್ರಲ್ಲ. ಅಪ್ಪಂಗೆ ನೀವಂದ್ರೆ..."

ಸೊಸೆ ಮಂಚದ ತಲೆಯ ಬಳಿ ನಿಂತು ನೋಡುತ್ತಿದ್ದಳು. ಅಜ್ಜನ ಮಗಳು ಬಾಯಿಗೆ ಸೆರಗು ತುರುಕಿಕೊಂಡಿದ್ದಳು. ಗಾಳಿಯಣ್ಣ ಆ ಹಿಡಿತದಿಂದ ಮೊದಲು ಒಂದು ಕೈಯನ್ನು, ಆಮೇಲೆ ಇನ್ನೊಂದನ್ನು ಮೆಲ್ಲಗೆ ಬಿಡಿಸಿಕೊಂಡು ಎದ್ದು ನಿಂತ.

"ಕೂತ್ಕೋ ತಮ್ಮಾ," ಎಂದ. "ನಾನು ಹೇಳೋದನ್ನ ಪೂರ್ತಿ ಕೇಳು."